ಮೌಲ್ಯಕ್ಕೆ ಪುರಾವೆ ಎಲ್ಲಿ ಬೇಕು, ಎಲ್ಲಿ ಬೇಡ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಮೌಲ್ಯ ಶಿಕ್ಷಣ ಬೇಕೇ ಎಂದು ನಿಮ್ಮ ವಾಚಕರ ಅಂಕಣದಲ್ಲಿ ನಡೆಯುತ್ತಿರುವ ಚರ್ಚೆಯಲ್ಲಿ ಎರಡು ಪಕ್ಷಗಳಾಗಿವೆ. ದೇವರು, ಧರ್ಮಗ್ರಂಥ ಬಿಟ್ಟರೆ ಮೌಲ್ಯಕ್ಕೆ ಆಧಾರವೇ ಇಲ್ಲ ಎನ್ನುವವರು ಒಂದು ಕಡೆ. ವೈಜ್ಞಾನಿಕವಾಗಿ ಸಾಬೀತಾಗದ ಮೌಲ್ಯವನ್ನು ಮಕ್ಕಳ ತಲೆಗೆ ತುಂಬುವುದೂ ಮೂಢನಂಬಿಕೆಯೇ ಎನ್ನುವವರು ಇನ್ನೊಂದು ಕಡೆ. ಜಗಳ ಜೋರಾಗಿದೆ. ಆದರೆ ಒಂದು ಮಾತನ್ನು ಇಬ್ಬರೂ ಚರ್ಚೆಯಿಲ್ಲದೆ ಒಪ್ಪಿಕೊಂಡು ಕೂತಿದ್ದಾರೆ: ಮೊದಲು ಬುಡ ಗಟ್ಟಿಯಾಗಬೇಕು, ಆಮೇಲೆ ಮೌಲ್ಯದ ಮಾತು. ನನ್ನ ತಕರಾರು ಆ ಒಪ್ಪಿಗೆಯ ಮೇಲೆ.

ಸುಳ್ಳು ಹೇಳಬಾರದು. ಏಕೆ? ನಂಬಿಕೆ ಕೆಡುತ್ತದೆ. ಕೆಟ್ಟರೇನಂತೆ? ಒಬ್ಬರಿಗೊಬ್ಬರು ಆಗಿ ಬಾಳಲು ಆಗುವುದಿಲ್ಲ. ಬಾಳದಿದ್ದರೇನಂತೆ? ಹೀಗೆ ಕೇಳುತ್ತ ಹೋದರೆ ಪ್ರಶ್ನೆಗೆ ಕೊನೆಯಿರುವುದಿಲ್ಲ, ಇಲ್ಲವೇ ಹೊರಟ ಕಡೆಗೇ ಬಂದು ಸೇರುತ್ತೇವೆ, ಅದೂ ಅಲ್ಲದಿದ್ದರೆ ಎಲ್ಲೋ ಒಂದು ಕಡೆ 'ಇದು ಹೀಗೇ' ಎಂದು ನಿಲ್ಲಿಸುತ್ತೇವೆ. ನಮ್ಮ ತರ್ಕಶಾಸ್ತ್ರದವರು ಮೊದಲನೆಯದನ್ನು ಅನವಸ್ಥಾ ದೋಷ ಎಂದೂ ಎರಡನೆಯದನ್ನು ಚಕ್ರಕ ದೋಷ ಎಂದೂ ಕರೆದರು. ಗ್ರೀಕ್ ಸಂದೇಹವಾದಿಗಳಲ್ಲಿ ಅಗ್ರಿಪ್ಪನ ಹೆಸರಿನಲ್ಲಿ ಇದೇ ಇಕ್ಕಟ್ಟು ಪ್ರಸಿದ್ಧ. ದೇವರನ್ನು ತಂದು ನಿಲ್ಲಿಸಿದರೂ ಪ್ರಶ್ನೆ ನಿಲ್ಲುವುದಿಲ್ಲ. ಒಳ್ಳೆಯದೆಂದು ದೇವರು ಮೆಚ್ಚಿದನೋ, ದೇವರು ಮೆಚ್ಚಿದ್ದರಿಂದ ಒಳ್ಳೆಯದಾಯಿತೋ ಎಂದು ಪ್ಲೇಟೋನ 'ಯೂಥಿಫ್ರೋ' ಸಂವಾದದಲ್ಲಿ ಸಾಕ್ರಟೀಸ್ ಕೇಳಿದ್ದಕ್ಕೆ ಎದುರು ಕೂತವನು ಉತ್ತರ ಕೊಡಲಾಗದೆ, ತುರ್ತು ಕೆಲಸವಿದೆ ಎಂದು ಎದ್ದು ಹೋಗುತ್ತಾನೆ. ವಿಜ್ಞಾನವನ್ನು ತಂದರೂ ಅಷ್ಟೇ. 'ಹೀಗಿದೆ' ಎಂಬ ವಾಕ್ಯಗಳನ್ನು ಎಷ್ಟು ಪೇರಿಸಿದರೂ ಅವುಗಳಿಂದಲೇ 'ಹೀಗಿರಬೇಕು' ಎಂಬುದು ಹೊರಡುವುದಿಲ್ಲವೆಂಬ ತೊಡಕನ್ನು ಡೇವಿಡ್ ಹ್ಯೂಮ್ 1740ರಲ್ಲೇ ಎತ್ತಿ ತೋರಿಸಿದ್ದ.

ಹಾಗಾದರೆ ಮೌಲ್ಯವೆಲ್ಲ ಗಾಳಿಗೋಪುರವೇ? ಇಲ್ಲಿ ನಮ್ಮ ತರ್ಕಶಾಸ್ತ್ರದ ಮೂಲಗ್ರಂಥ ನ್ಯಾಯಸೂತ್ರದ ಎರಡನೇ ಅಧ್ಯಾಯದ ಒಂದು ಉಪಮೆ ನೆರವಿಗೆ ಬರುತ್ತದೆ. ಎಲ್ಲವನ್ನೂ ಪ್ರಮಾಣದಿಂದ, ಅಂದರೆ ಸರಿಯಾದ ತಿಳಿವಿನ ಸಾಧನದಿಂದ, ತಿಳಿಯಬೇಕಾದರೆ ಪ್ರಮಾಣವನ್ನು ಯಾವುದರಿಂದ ತಿಳಿಯುವುದು ಎಂಬ ಆಕ್ಷೇಪಕ್ಕೆ ಸೂತ್ರಕಾರ ಕೊಡುವ ಉತ್ತರ ತಕ್ಕಡಿ. ಚಿನ್ನವನ್ನು ತೂಗುವಾಗ ತಕ್ಕಡಿ ಪ್ರಮಾಣ. ತಕ್ಕಡಿಯ ಮೇಲೆಯೇ ಅನುಮಾನ ಬಂದರೆ, ತೂಕ ಗೊತ್ತಿರುವ ಚಿನ್ನವನ್ನಿಟ್ಟು ಅದನ್ನು ಪರೀಕ್ಷಿಸುತ್ತೇವೆ. ಆಗ ಚಿನ್ನವೇ ಪ್ರಮಾಣ. ಜಗತ್ತಿನ ಎಲ್ಲ ತಕ್ಕಡಿಗಳನ್ನೂ ಒಟ್ಟಿಗೆ ಅನುಮಾನಿಸಿ, ಆಮೇಲೆ ವ್ಯಾಪಾರ ಶುರು ಮಾಡಿದವರು ಯಾರೂ ಇಲ್ಲ.

ಇದು ಬರೀ ಉಪಮೆಯಲ್ಲ, ಇಂದಿಗೂ ನಡೆಯುವ ವ್ಯವಹಾರ. ಅಂಗಡಿಯ ತೂಕದ ಬಟ್ಟನ್ನು 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ಯಂತ್ರವನ್ನು 12 ತಿಂಗಳಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಬೇಕು. ಇನ್‌ಸ್ಪೆಕ್ಟರ್ ಬಳಿಯ ಬಟ್ಟನ್ನು ಅದಕ್ಕಿಂತ ನಿಖರವಾದ ಬಟ್ಟಿನ ಜೊತೆ ಹೋಲಿಸುತ್ತಾರೆ. ಅದನ್ನು ಇನ್ನೂ ಮೇಲಿನದರ ಜೊತೆ. ಈ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಹೋಗುತ್ತದೆ. ಅಲ್ಲಿರುವ 57ನೇ ಸಂಖ್ಯೆಯ ಕಿಲೋಗ್ರಾಂ ಪ್ಯಾರಿಸ್ ಬಳಿ ಇಟ್ಟಿರುವ ಮೂಲ ಕಿಲೋಗ್ರಾಂನ ಪ್ರತಿ. 1889ರಿಂದ 130 ವರ್ಷ, ಶೇ 90 ಪ್ಲಾಟಿನಂ, ಶೇ 10 ಇರಿಡಿಯಂ ಬೆರೆಸಿದ, 39 ಮಿಲಿಮೀಟರ್ ಎತ್ತರ, ಅಷ್ಟೇ ಅಗಲದ ಆ ಮೂಲ ಉರುಳೆ ತೂಗುವಷ್ಟೇ ಒಂದು ಕಿಲೋ ಎಂದಿತ್ತು. ಅದು ಸರಿಯಾಗಿ ಒಂದು ಕಿಲೋ ಇದೆಯೇ ಎಂದು ಕೇಳಲು ಬರುತ್ತಿರಲಿಲ್ಲ. ಆದರೆ ಹೋಲಿಸಿ ನೋಡಿದಾಗ ಮೂಲಕ್ಕೂ ಅದರ ಪ್ರತಿಗಳಿಗೂ ನೂರು ವರ್ಷದಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತ್ತು. ಕೊನೆಗೆ 2019ರ ಮೇ 20ರಿಂದ ಲೋಹದ ತುಂಡನ್ನು ಬಿಟ್ಟು, ಭೌತಶಾಸ್ತ್ರದ ಬದಲಾಗದ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕದ ಮೇಲೆ ಕಿಲೋಗ್ರಾಂ ನಿಲ್ಲಿಸಿದರು. ಬುಡವನ್ನೇ ಬದಲಿಸಿದರೂ ಅವತ್ತು ಯಾವ ಸಂತೆಯೂ ನಿಲ್ಲಲಿಲ್ಲ. ರಾಗಿ ಹಿಂದಿನ ದಿನ ತೂಗಿದಷ್ಟೇ ತೂಗಿತು.

ಪ್ರಾಮಾಣಿಕತೆ, ಕರುಣೆ, ಕೊಟ್ಟ ಮಾತು ಉಳಿಸಿಕೊಳ್ಳುವುದು, ಇವುಗಳ ಸ್ಥಿತಿಯೂ ಹೀಗೇ. ತಳದಲ್ಲಿ ಏನಿದೆ ಎಂಬುದು ತೀರ್ಮಾನವಾಗುವವರೆಗೆ ಇವು ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಇಂಗ್ಲಿಷ್ ತತ್ವಜ್ಞಾನಿ ಎಚ್. ಎ. ಪ್ರಿಚರ್ಡ್ 1912ರಲ್ಲಿ ಬರೆದ ಒಂದು ಲೇಖನದ ಶೀರ್ಷಿಕೆಯೇ 'ನೀತಿಶಾಸ್ತ್ರ ಒಂದು ತಪ್ಪಿನ ಮೇಲೆ ನಿಂತಿದೆಯೇ' ಎಂದು. ಕರ್ತವ್ಯಕ್ಕೆ ಹೊರಗಿನಿಂದ ಕಾರಣ ಹುಡುಕಹೊರಡುವುದೇ ಆ ತಪ್ಪು ಎಂದು ಅವರ ವಾದ. ನಾನು ಅಷ್ಟು ದೂರ ಹೋಗಲಾರೆ. ಪುರಾವೆ ಬೇಕಾದ ಜಾಗಗಳಿವೆ, ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ತಕ್ಕಡಿ ತೋರಿಸುವ ಇನ್ನೊಂದು ಸಂಗತಿ ನೋಡಬೇಕು.

ಮುದ್ರೆ ಬಿದ್ದ ಯಂತ್ರದಲ್ಲೂ ಮೋಸ ಮಾಡಬಹುದು. ಕಿಲೋಗೆ 600 ರೂಪಾಯಿಯ ಸಿಹಿಯನ್ನು 50 ಗ್ರಾಂ ತೂಗುವ ರಟ್ಟಿನ ಡಬ್ಬದ ಸಮೇತ ತೂಗಿದರೆ ಗಿರಾಕಿ ರಟ್ಟಿಗೆ 30 ರೂಪಾಯಿ ಕೊಟ್ಟಂತೆ. ಯಂತ್ರ ಸರಿಯಾಗಿದೆ, ಮುದ್ರೆ ಸರಿಯಾಗಿದೆ, ಕೈ ಸರಿಯಿಲ್ಲ. ಡಬ್ಬವನ್ನು ಮೊದಲು ಇಟ್ಟು ಸೊನ್ನೆ ಮಾಡಿಕೊಳ್ಳುವುದು ಒಂದು ಗುಂಡಿ ಒತ್ತುವಷ್ಟರ ಕೆಲಸ. ಗಿರಾಕಿ ನೋಡದಿದ್ದಾಗಲೂ ಆ ಗುಂಡಿ ಒತ್ತುವ ಕೈ ಹೇಗೆ ತಯಾರಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. 'ಏಕೆ' ಎಂಬುದಕ್ಕೆ ಎಷ್ಟೇ ಒಳ್ಳೆಯ ಉತ್ತರ ಕೊಟ್ಟರೂ ಆ ಕೈ ತಯಾರಾಗುವುದಿಲ್ಲ. ನಿಯಮಕ್ಕಿಂತ ಮೊದಲು ಮನುಷ್ಯನ ಗುಣವನ್ನು ನೋಡುವ ಸದ್ಗುಣ ನೀತಿಯ ಸೆಳೆತ ಇರುವುದು ಇಲ್ಲಿ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರಂಭದ ಭಾಗದಲ್ಲೇ ಹೇಳುವ ಮಾತಿದು: ಒಳ್ಳೆಯ ರೂಢಿಯಲ್ಲಿ ಬೆಳೆದವನ ಕೈಯಲ್ಲಿ 'ಇದು ಹೀಗೆ' ಎಂಬುದು ಆಗಲೇ ಇರುತ್ತದೆ, ಅದು ಸಾಕಷ್ಟು ನಿಚ್ಚಳವಾಗಿದ್ದರೆ 'ಏಕೆ ಹೀಗೆ' ಎಂಬುದನ್ನು ಮೇಲೆ ಸೇರಿಸಬೇಕಾಗಿಲ್ಲ. ಕೊನೆಯ ಭಾಗದಲ್ಲಿ ಮತ್ತೆ ಹೇಳುತ್ತಾನೆ: ಬರೀ ವಾದದಿಂದ ಜನ ಒಳ್ಳೆಯವರಾಗುವುದಿಲ್ಲ, ಬೀಜ ಬೀಳುವ ಮೊದಲು ನೆಲ ಹದವಾಗಿರಬೇಕು. ಮನೆ ಕಟ್ಟಿ ಕಟ್ಟಿಯೇ ಗಾರೆಯವನಾಗುವುದು, ನ್ಯಾಯವಾಗಿ ನಡೆದು ನಡೆದೇ ನ್ಯಾಯವಂತನಾಗುವುದು. ಇಲ್ಲಿ ಬಹಳ ಮಂದಿ ಮರೆಯುವ ಒಂದು ಎಚ್ಚರಿಕೆಯೂ ಇದೆ. ಕೆಟ್ಟದಾಗಿ ಕಟ್ಟಿ ಕಟ್ಟಿಯೇ ಕೆಟ್ಟ ಗಾರೆಯವನೂ ತಯಾರಾಗುತ್ತಾನೆ. ಅಭ್ಯಾಸ ಎರಡೂ ಕಡೆಗೆ ಒಯ್ಯುತ್ತದೆ.

ಆತನ 'ನಡುವಿನ ಸ್ಥಿತಿ'ಯ ವಿಚಾರ ನಮ್ಮಲ್ಲಿ ಬಹಳ ಕೆಟ್ಟಿದೆ. ಪಠ್ಯಗಳಲ್ಲಿ ಮಧ್ಯಮ ಮಾರ್ಗ ಎಂದು ಬರೆದು, ಪರೀಕ್ಷೆಯಲ್ಲಿ 'ಹೇಡಿತನಕ್ಕೂ ಭಂಡಧೈರ್ಯಕ್ಕೂ ನಡುವೆ ಶೌರ್ಯ' ಎಂದು ಎರಡು ಅಂಕ ಕೊಟ್ಟು ಮುಗಿಸುತ್ತಾರೆ. ಓದಿದವರು ಅದನ್ನು ಸರಾಸರಿ ಎಂದುಕೊಳ್ಳುತ್ತಾರೆ. ಅರಿಸ್ಟಾಟಲ್ ಸ್ವತಃ ಇದನ್ನು ತಳ್ಳಿಹಾಕುತ್ತಾನೆ. ಹತ್ತು ಮಿನಾ (ಗ್ರೀಕರ ಒಂದು ತೂಕ) ಆಹಾರ ಹೆಚ್ಚು, ಎರಡು ಕಡಿಮೆ, ಹಾಗಾದರೆ ಎಲ್ಲರಿಗೂ ಆರು ಎಂದು ತರಬೇತುದಾರ ಬರೆದುಕೊಡಲು ಬರುವುದಿಲ್ಲ. ಜಟ್ಟಿ ಮಿಲೋಗೆ ಆರು ಸಾಲದು, ಇವತ್ತು ಗರಡಿಗೆ ಬಂದವನಿಗೆ ಆರು ಅತಿಯಾಯಿತು. ಇದಕ್ಕೆ ಕನ್ನಡದಲ್ಲಿ ಎಷ್ಟೋ ಒಳ್ಳೆಯ ಮಾತು ಇದೆ: ಹದ.

ಆಲೆಮನೆಯಲ್ಲಿ ಹದ ಎಂದರೇನು ಎಂಬುದನ್ನು ಕಣ್ಣಾರೆ ನೋಡಬಹುದು. ಕಬ್ಬಿನ ರಸವನ್ನು ಸೋಸಿ ಕೊಪ್ಪರಿಗೆಗೆ ಹಾಕಿ, ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಬಿಟ್ಟು ಕಾಯಿಸುತ್ತಾರೆ. ಮೇಲೆ ಬಂದ ಮಡ್ಡಿ ತೆಗೆಯುತ್ತ ಹೋಗುತ್ತಾರೆ. ಸುಣ್ಣ ಕಡಿಮೆಯಾದರೆ ಬೆಲ್ಲ ಸರಿಯಾಗಿ ಗಟ್ಟಿಯಾಗದು, ಹೆಚ್ಚಾದರೆ ಕಪ್ಪಾಗುತ್ತದೆ. ಕೊನೆಗೆ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿ ನೋಡುತ್ತಾರೆ. ಥರ್ಮಾಮೀಟರ್ ಇಟ್ಟರೆ ಜೋನಿ ಬೆಲ್ಲಕ್ಕೆ ಸುಮಾರು 105 ಡಿಗ್ರಿ, ಅಚ್ಚು ಬೆಲ್ಲಕ್ಕೆ ಸುಮಾರು 118. ಎರಡರ ನಡು 112ಕ್ಕೆ ಇಳಿಸಿದರೆ ಸುರಿಯಲೂ ಆಗದ, ಅಚ್ಚಿನಲ್ಲೂ ನಿಲ್ಲದ ಅಂಟು ಸಿಗುತ್ತದೆ. ಯಾವ ಬೆಲ್ಲ ಬೇಕು ಎಂಬುದರ ಮೇಲೆ ಹದ ನಿಲ್ಲುತ್ತದೆ. 118 ಎಂದು ಬರೆದುಕೊಂಡವನಿಗೂ ಕೆಲಸ ಮುಗಿಯಲಿಲ್ಲ. ಕಡಿದು ಎರಡು ಮೂರು ದಿನ ಬಿಸಿಲಲ್ಲಿ ಬಿದ್ದ ಕಬ್ಬಿನ ಸಕ್ಕರೆ ಒಡೆದಿರುತ್ತದೆ, ಅದರ ಪಾಕ ಎಷ್ಟು ಕಾಯಿಸಿದರೂ ಚೆನ್ನಾಗಿ ಗಟ್ಟಿಯಾಗುವುದಿಲ್ಲ. ಚೌಳು ನೆಲದ ಕಬ್ಬಿನ ಪಾಡೇ ಬೇರೆ. ಅನುಭವಸ್ಥ ಇದನ್ನು ರಸ ಕುದಿಯುವ ರೀತಿಯಲ್ಲೇ ಹಿಡಿಯುತ್ತಾನೆ. ಅರಿಸ್ಟಾಟಲ್ ಫ್ರೊನೆಸಿಸ್ ಎನ್ನುವುದು ಇಂಥ ತಿಳಿವಿಗೆ ಹತ್ತಿರದ್ದು, ನಾವು ವಿವೇಕ ಎನ್ನಬಹುದು. ಪಾಕದವನನ್ನು 'ಈಗಲೇ ಏಕೆ ಇಳಿಸಿದೆ' ಎಂದು ಕೇಳಿದರೆ ವಾಕ್ಯ ಸಿಗದೆ ತಡವರಿಸಬಹುದು. ಅಷ್ಟಕ್ಕೇ ಅವನ ತೀರ್ಮಾನಕ್ಕೆ ಸಮರ್ಥನೆ ಇಲ್ಲ ಎನ್ನಲಾದೀತೇ? ಅಚ್ಚು ಬಿಚ್ಚಿದಾಗ ಅದು ಎಲ್ಲರ ಎದುರಿಗೂ ಇರುತ್ತದೆ.

ಅದೇ ಆಲೆಮನೆಯಲ್ಲಿ ಹದ ತಪ್ಪುವುದೂ ಕಾಣುತ್ತದೆ. ಪೇಟೆಯಲ್ಲಿ ಹಳದಿ ಬೆಲ್ಲಕ್ಕೆ ಬೆಲೆ ಹೆಚ್ಚು. ಹಾಗಾಗಿ ಪಾಕಕ್ಕೆ ಸೋಡಿಯಂ ಹೈಡ್ರೋಸಲ್ಫೈಟ್, ಜನರ ಬಾಯಲ್ಲಿ ಹೈಡ್ರೋಸ್, ಹಾಕಿ ಬಣ್ಣ ಬಿಳಿಚಿಸುತ್ತಾರೆ. ಇಟ್ಟಂತೆ ಬಣ್ಣ ಮತ್ತೆ ಕಪ್ಪಿಡುತ್ತದೆ, ಅಷ್ಟರಲ್ಲಿ ಮಾರಾಟ ಮುಗಿದಿರುತ್ತದೆ. ಒಂದು ಕಸುಬಿನ ಒಳಗೇ ಸಿಗುವ ಫಲ ಬೇರೆ, ಹೊರಗಿನ ಹಣ, ಹೆಸರು ಬೇರೆ ಎಂದು ತತ್ವಜ್ಞಾನಿ ಅಲಸ್ಡೇರ್ ಮ್ಯಾಕಿಂಟೈರ್ 1981ರಲ್ಲಿ ಮಾಡಿದ ಭೇದಕ್ಕೆ ಇದಕ್ಕಿಂತ ಸುಲಭ ಉದಾಹರಣೆ ಸಿಗದು. ಒಳ್ಳೆಯ ಬೆಲ್ಲ ತೆಗೆಯುವುದು ಒಳಗಿನ ಫಲ. ಹಳದಿ ಬಣ್ಣದ ಬೆಲೆ ಹೊರಗಿನದು. ಹೊರಗಿನದೇ ಮುಖ್ಯವಾದರೆ ಕಸುಬೇ ಕೆಡುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಗುಣಗಳನ್ನು ಅವರು ಸದ್ಗುಣ ಎಂದರು. ಕೋಚಿಂಗ್ ನೋಟ್ಸ್‌ನಿಂದ 'ಪ್ರಾಮಾಣಿಕತೆ'ಯ ವ್ಯಾಖ್ಯೆ ಬಾಯಿಪಾಠ ಮಾಡಿ ಯುಪಿಎಸ್‌ಸಿಯ 250 ಅಂಕದ ನೀತಿ ಪತ್ರಿಕೆ ಬರೆಯುವುದೂ ಒಂದು ಬಗೆಯ ಹೈಡ್ರೋಸ್ ಎಂದರೆ ಅಭ್ಯರ್ಥಿಗಳು ಬೇಸರಪಡಬಾರದು.

ಹಾಗೆಂದು ಸದ್ಗುಣ ನೀತಿಯಲ್ಲಿ 'ಎಲ್ಲವೂ ಸಂದರ್ಭಕ್ಕೆ ತಕ್ಕಂತೆ' ಎಂಬ ಸಡಿಲ ಇಲ್ಲ. ಕೊಲೆಗೆ, ಕಳ್ಳತನಕ್ಕೆ ಹದ ಎಂಬುದೇ ಇಲ್ಲ ಎಂದು ಅರಿಸ್ಟಾಟಲ್ ಸ್ಪಷ್ಟವಾಗಿ ಹೇಳಿದ್ದಾನೆ. 1958ರ ಲೇಖನದಿಂದ ಈ ಚಿಂತನೆಗೆ ಮರುಜೀವ ಕೊಟ್ಟ ತತ್ವಜ್ಞಾನಿ ಎಲಿಜಬೆತ್ ಆನ್ಸ್‌ಕೋಮ್, ಅದಕ್ಕೆ ಎರಡು ವರ್ಷ ಮೊದಲು, ಹಿರೋಷಿಮಾ ನಾಗಸಾಕಿಯ ಮೇಲೆ ಬಾಂಬ್ ಹಾಕಿಸಿದ ಅಮೆರಿಕದ ಮಾಜಿ ಅಧ್ಯಕ್ಷ ಟ್ರೂಮನ್‌ಗೆ ಆಕ್ಸ್‌ಫರ್ಡ್ ಗೌರವ ಪದವಿ ಕೊಡುವುದನ್ನು, ಅದು ಕೊಲೆಯೇ ಎಂದು, ಬಹಿರಂಗವಾಗಿ ವಿರೋಧಿಸಿದ್ದರು.

ಇನ್ನು ಈ ಮಾರ್ಗದ ದೋಷಗಳು. ಇವನ್ನು ಮುಚ್ಚಿಟ್ಟು ಮೌಲ್ಯ ಶಿಕ್ಷಣದ ಪರ ವಾದಿಸುವುದು ಸರಿಯಲ್ಲ.

ಮೊದಲನೆಯದು, ಗುಣ ಎಂಬುದು ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ನರಳುತ್ತಿದ್ದ. ಅವಸರವಿಲ್ಲದವರಲ್ಲಿ ಶೇ 63ರಷ್ಟು, ಸ್ವಲ್ಪ ಅವಸರದವರಲ್ಲಿ ಶೇ 45ರಷ್ಟು, 'ತಡವಾಯಿತು, ಓಡಿ' ಎಂದು ಹೇಳಿಸಿಕೊಂಡವರಲ್ಲಿ ಶೇ 10ರಷ್ಟು ಮಂದಿ ಏನಾದರೊಂದು ನೆರವಿಗೆ ಮುಂದಾದರು. ಕೆಲವರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರಿಯದವನ ಕತೆ. ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಇದನ್ನು ಹಿಡಿದು ಶೀಲ ಎಂಬುದೇ ಇಲ್ಲ ಎನ್ನುವ ತತ್ವಜ್ಞಾನಿಗಳಿದ್ದಾರೆ. ನನಗೆ ಕಾಣುವುದು ಬೇರೆ. ಹತ್ತರಲ್ಲಿ ಒಬ್ಬನಾದರೂ ನಿಂತ. ಶೀಲವಂತರು ಅಪರೂಪ ಎಂದು ಅರಿಸ್ಟಾಟಲನಿಗೂ ಗೊತ್ತಿತ್ತು. ಉಳಿದ ಒಂಬತ್ತು ಮಂದಿಗೆ ಬೇಕಾದದ್ದು ಇನ್ನೊಂದು ಪ್ರವಚನವಲ್ಲ, ಹತ್ತು ನಿಮಿಷ ಮೊದಲು ಹೊರಡುವ ರೂಢಿ. ಸಿಲಬಸ್ ಮುಗಿಸುವ ಓಟದಲ್ಲಿ ಮಕ್ಕಳನ್ನು ಅಟ್ಟುತ್ತ, ಗೋಡೆಯ ಮೇಲೆ 'ಪರೋಪಕಾರ' ಎಂದು ಬರೆಸುವ ಶಾಲೆಗಳು ಈ ಪ್ರಯೋಗವನ್ನು ದಿನವೂ ಮಾಡುತ್ತಿವೆ.

ಎರಡನೆಯ ದೋಷ ದೊಡ್ಡದು. ರೂಢಿಯೇ ಮೊದಲು ಎಂದರೆ, ರೂಢಿಯೇ ಕೊಳೆತಿದ್ದರೆ? ಹದದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಬರೆದ ಅರಿಸ್ಟಾಟಲನೇ ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದು ವಾದಿಸಿದ. ನಮ್ಮಲ್ಲಿ ನಯ, ವಿನಯ, ತಾಳ್ಮೆ, ಹೊಂದಾಣಿಕೆ ಎಂಬ ಒಳ್ಳೆಯ ಮಾತುಗಳು ಯಾರ ಕಡೆಗೆ ತಿರುಗಿರುತ್ತವೆ ಎಂದು ನೋಡಿ. ಸೊಸೆಗೆ ತಾಳ್ಮೆ ಇರಬೇಕು. ಅತ್ತೆಯನ್ನು ಆ ಮಾತಿನಿಂದ ಅಳೆಯುವುದು ಕಡಿಮೆ. ಗೌಡರ ಜಗಲಿಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದದ್ದೂ ಒಂದು ಕಾಲಕ್ಕೆ 'ಮರ್ಯಾದೆ'ಯೇ ಆಗಿತ್ತು. ಇಂಥ ಕಡೆ ಪುರಾವೆ ಕೇಳಲೇಬೇಕು, ಗಟ್ಟಿಯಾಗಿ ಕೇಳಬೇಕು.

ಡಾ. ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ನಿಯಮವನ್ನೂ ತತ್ವವನ್ನೂ ಬೇರ್ಪಡಿಸಿದ್ದು ಈ ಕಾರಣಕ್ಕೇ. ನಿಯಮ ಅಡುಗೆಯ ವಿಧಾನದಂತೆ, ಏನು ಮಾಡಬೇಕು, ಹೇಗೆ ಮಾಡಬೇಕು ಎಂದಷ್ಟೇ ಹೇಳುತ್ತದೆ. ನ್ಯಾಯದಂಥ ತತ್ವ, ಯಾವುದನ್ನು ಲೆಕ್ಕಕ್ಕೆ ಹಿಡಿದು ಯೋಚಿಸಬೇಕು ಎಂದು ತೋರಿಸುತ್ತದೆ. ನಿಯಮವೇ ಧರ್ಮ ಎಂದುಕೊಂಡಲ್ಲಿ ಮನುಷ್ಯನಿಗೆ ತನ್ನ ಕೆಲಸದ ಹೊಣೆಯೇ ಉಳಿಯುವುದಿಲ್ಲ ಎಂಬುದು ಅವರ ಆಕ್ಷೇಪ. ರೂಢಿಯಿಂದ ಬಂದ ಗುಣವನ್ನು ಪರೀಕ್ಷೆಗೆ ಇಡುವ ಕ್ರಮವೂ ಇದರಿಂದಲೇ ಸಿಗುತ್ತದೆ. ಈ ಗುಣವನ್ನು ಯಾರಿಂದ ಬಯಸುತ್ತಿದ್ದೇವೆ, ಯಾರಿಗೆ ವಿನಾಯಿತಿ? ಅದರಿಂದ ಲಾಭ ಯಾರಿಗೆ? ಅದನ್ನು ಹೊತ್ತವರಿಗೆ ಅದು ಗುಣವಾಗಿ ಕಾಣುತ್ತದೆಯೇ, ಅವರನ್ನು ಎಂದಾದರೂ ಕೇಳಿದ್ದೇವೆಯೇ? ಮೂರರಲ್ಲೂ ಉತ್ತರ ತಡವರಿಸಿದರೆ ಆ ಬಟ್ಟು ಸವೆದಿದೆ ಎಂದೇ ಲೆಕ್ಕ. ಸತ್ಯ ಹೇಳುವುದನ್ನು ಇದೇ ಪರೀಕ್ಷೆಗೆ ಇಡಿ, ಎಲ್ಲರಿಂದಲೂ ಬಯಸುತ್ತೇವೆ, ಎಲ್ಲರಿಗೂ ಉಪಯೋಗ. ಅದು ಪಾಸಾಗುತ್ತದೆ. ಎಲ್ಲ ಮೌಲ್ಯಕ್ಕೂ ಒಂದೇ ಅಳತೆಯ ಪುರಾವೆ ಬೇಕೆಂದು ಕೂತವರಿಗೆ ಈ ಎರಡರ ವ್ಯತ್ಯಾಸವೇ ಕಾಣುವುದಿಲ್ಲ.

ಎರಡು ಮೌಲ್ಯಗಳು ಡಿಕ್ಕಿ ಹೊಡೆದಾಗಲೂ ಸಮರ್ಥನೆ ಬೇಕು, ನಮ್ಮ ಮೌಲ್ಯವನ್ನು ಕಾನೂನಾಗಿಸಿ ಇತರರ ಮೇಲೆ ಹೇರುವಾಗ ಇನ್ನೂ ಹೆಚ್ಚು ಬೇಕು. ಅದು ಬೇರೆಯೇ ಪತ್ರಕ್ಕೆ ಆಗುವಷ್ಟಿದೆ.

ಶಾಲೆಯ ಮಾತಿಗೆ ಬರುತ್ತೇನೆ. ವಾರಕ್ಕೊಂದು 40 ನಿಮಿಷದ ಪೀರಿಯಡ್‌ನಲ್ಲಿ ಗುಣಗಳ ಪಟ್ಟಿ ಓದಿಸುವುದಕ್ಕಿಂತ ತರಗತಿಗೊಂದು ಹಣದ ಡಬ್ಬಿ ಇಟ್ಟು ಲೆಕ್ಕವನ್ನು ಮಕ್ಕಳ ಕೈಗೆ ಕೊಡಿ. ಪೊರಕೆ, ಡಸ್ಟರ್, ಕುಂಡಕ್ಕೆ ಗಿಡ, ಇಷ್ಟೇ ಖರ್ಚು. ತಲೆಗೆ ಹತ್ತು ರೂಪಾಯಿಗಿಂತ ಹೆಚ್ಚು ಬೇಡ, ಕೊಡಲಾಗದ ಮಗುವಿನ ಹೆಸರು ಪಟ್ಟಿಯಲ್ಲಿ ಕಾಣಬಾರದು. ವಾರಕ್ಕೆ ಇಬ್ಬರಂತೆ ಸರದಿ: ಒಬ್ಬರು ಗಟ್ಟಿಯಾಗಿ ಎಣಿಸುವುದು, ಇನ್ನೊಬ್ಬರು ಬರೆಯುವುದು. ಕಡಿಮೆ ಬಿದ್ದರೆ ಕಡಿಮೆ ಎಂದೇ ಬರೆಯಬೇಕು. ಕೆಡುವುದು ಎರಡು ಕಡೆ. ಕಡಿಮೆ ಬಿದ್ದದ್ದಕ್ಕೆ ದಂಡ ಹಾಕಿದರೆ ಎರಡನೇ ವಾರಕ್ಕೇ ಮಕ್ಕಳು ಮನೆಯಿಂದ ಚಿಲ್ಲರೆ ತಂದು ಲೆಕ್ಕ ಸರಿದೂಗಿಸುವುದನ್ನು ಕಲಿಯುತ್ತಾರೆ, ಅಂದರೆ ಸುಳ್ಳು ಲೆಕ್ಕ ಕಲಿಯುತ್ತಾರೆ. 'ಪ್ರಾಮಾಣಿಕ ವಿದ್ಯಾರ್ಥಿ' ಬಹುಮಾನ ಇಟ್ಟರೆ ಎಣಿಸುವುದು ಟೀಚರ್ ಕಡೆ ನೋಡುತ್ತ ನಡೆಯುತ್ತದೆ. ಎರಡನ್ನೂ ಬಿಟ್ಟು ಒಂದು ಟರ್ಮ್ ನಡೆಸಿ. ಆಮೇಲೆ ಕೇಳಿ: ಕಡಿಮೆ ಬಿದ್ದ ಎರಡು ರೂಪಾಯಿಯನ್ನು ಬರೆದದ್ದೇಕೆ? ಆಗ ಬರುವ 'ಏಕೆಂದರೆ' ಮಕ್ಕಳ ಸ್ವಂತದ್ದು. ಅದನ್ನು ತಿದ್ದಬಹುದು, ಒಬ್ಬರ ಕಾರಣವನ್ನು ಇನ್ನೊಬ್ಬರದರ ಎದುರು ಇಡಬಹುದು. ಮೊದಲ ದಿನವೇ ಕೇಳಿದರೆ ಗೈಡಿನ ವಾಕ್ಯ ಬರುತ್ತದೆ.

ಟೀಚರುಗಳಿಗೂ ಅರಿಸ್ಟಾಟಲ್ ಒಂದು ಕೆಲಸ ಇಟ್ಟಿದ್ದಾನೆ. ತಾನು ಯಾವ ಕಡೆ ವಾಲುತ್ತೇನೆ ಎಂದು ತಿಳಿದುಕೊಂಡು, ಸೊಟ್ಟ ಮರವನ್ನು ನೆಟ್ಟಗೆ ಮಾಡುವವರು ಎಳೆಯುವಂತೆ, ಎದುರು ದಿಕ್ಕಿಗೆ ಎಳೆದುಕೊಳ್ಳಬೇಕು. ಸಿಟ್ಟು ಜಾಸ್ತಿ ಇರುವವರು ಸ್ವಲ್ಪ ಸಡಿಲದ ಕಡೆಗೇ ತಪ್ಪಲಿ, ಎಲ್ಲರನ್ನೂ ಮೆಚ್ಚಿಸುವ ಸ್ವಭಾವದವರು ಸ್ವಲ್ಪ ಬಿಗಿಯ ಕಡೆಗೆ. ಎಲ್ಲ ಶಿಕ್ಷಕರಿಗೂ ಒಂದೇ ಸುತ್ತೋಲೆ ಕಳಿಸಿ ಇದನ್ನು ಮಾಡಿಸಲು ಬರುವುದಿಲ್ಲ, ಇಲಾಖೆಗೆ ಸದ್ಗುಣ ನೀತಿ ಅಷ್ಟಾಗಿ ರುಚಿಸದಿರಲು ಇದೂ ಒಂದು ಕಾರಣವಿರಬಹುದು.

ನಿಮ್ಮ ಅಂಕಣದಲ್ಲಿ ಚರ್ಚೆ ಮುಂದುವರಿಯುವುದಾದರೆ ಒಂದು ಕೋರಿಕೆ. ಮುಂದೆ ಬರೆಯುವವರು 'ಮೌಲ್ಯಗಳು' ಎಂದು ಒಟ್ಟಾರೆ ಬರೆಯದೆ, ಒಂದೇ ಮೌಲ್ಯದ ಹೆಸರು ಹೇಳಿ, ಅದನ್ನು ಯಾರಿಂದ ಬಯಸುತ್ತಿದ್ದೇವೆ ಎಂದೂ ಹೇಳಿ ಬರೆಯಲಿ. 'ಶಿಸ್ತು' ಎಂಬ ಮಾತಿನಿಂದ ಯಾರಾದರೂ ಶುರು ಮಾಡಿದರೆ ಒಳ್ಳೆಯದು. ಅದರ ಮುದ್ರೆ ಯಾವ ವರ್ಷದ್ದು ಎಂದು ನೋಡಿದವರು ಕಡಿಮೆ.

ಇಂತಿ,
ತತ್ವಶಾಸ್ತ್ರದ ಒಬ್ಬ ಅಧ್ಯಾಪಕ